ಆಫರ್ ಒಪ್ಪುವ ಮುನ್ನ 9 ಚೀಟಿ ಜೋಡಿಸಿ ನೋಡಿ
ಹೊಸ ಕಂಪನಿ ನಿಮಗೆ ಹೊಂದುತ್ತಾ ಅಂತ ತಿಳಿಯಲು ‘ಅಲ್ಲಿ ಕಲ್ಚರ್ ಹೇಗಿದೆ?’ ಅಂತ ಕೇಳಬೇಡಿ, ಎಲ್ಲರೂ ‘ಸೂಪರ್’ ಅಂತಲೇ ಹೇಳೋದು. ‘ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದು’, ‘ಬಾಸ್ ಮಾತಿಗೆ ಎದುರು ಹೇಳಬಹುದು’, ‘ಎಲ್ಲವೂ ರೂಲ್ಸ್ ಪ್ರಕಾರ’, ‘ಹೊಸ ಪ್ರಯತ್ನ ಕೈಕೊಟ್ಟರೂ ಬೈಗುಳವಿಲ್ಲ’, ಇಂಥ 9 ಚೀಟಿ ಬರೆದು, ನಿಮಗೆ ಅತಿ ಮುಖ್ಯವಾದದ್ದು ಮೇಲೆ ಬರುವಂತೆ ಮೇಲಿಂದ ಕೆಳಕ್ಕೆ 1-2-3-2-1ರಂತೆ ಐದು ಸಾಲಲ್ಲಿ ಇಡಿ. ಸಂಬಳದ ಚೀಟಿ ಬೇಡ, ಮೇಲಿನ ಜಾಗ ಅದೇ ನುಂಗಿಬಿಡುತ್ತೆ. ಆಮೇಲೆ ನೀವು ಸೇರಲಿರುವ ಟೀಮಿನಲ್ಲೇ ಒಂದು ವರ್ಷವಾದರೂ ಕೆಲಸ ಮಾಡಿದವರಿಗೆ ಚೀಟಿಗಳನ್ನು ಕಳಿಸಿ, ಅಲ್ಲಿ ನಿಜಕ್ಕೂ ನಡೆಯೋ ಪ್ರಕಾರ ಜೋಡಿಸೋಕೆ ಹೇಳಿ. ನಿಮ್ಮದನ್ನು ಮೊದಲೇ ತೋರಿಸಬೇಡಿ. ನಿಮ್ಮ ಮೇಲಿನ ಮೂರರಲ್ಲಿ ಎರಡು ಅವರ ಕೊನೆಯ ಮೂರರಲ್ಲಿದ್ದರೆ ಯೋಚಿಸಿ. ನಡುವಿನ ಸಾಲುಗಳ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಜೋಡಿಸೋದೇ ಯಾಕೆ ಅಂದರೆ, ಅಂಕ ಕೊಡಿ ಅಂತ ಹೇಳಿದರೆ ಜನ ಎಲ್ಲಕ್ಕೂ ಐದಕ್ಕೆ ಐದು ಕೊಡ್ತಾರೆ. ಜಾಗ ಕಮ್ಮಿಯಿದ್ದರೆ ಒಂದನ್ನು ಕೆಳಗಿಳಿಸಲೇಬೇಕು. ಸಂಶೋಧಕರಾದ ಓರೈಲಿ, ಚಾಟ್‌ಮನ್, ಕಾಲ್ಡ್‌ವೆಲ್ 1991ರಲ್ಲಿ ಪ್ರಕಟಿಸಿದ, ಕಂಪನಿಗೂ ವ್ಯಕ್ತಿಗೂ ಹೊಂದುತ್ತಾ ಅಂತ ಅಳೆಯೋ ಪರೀಕ್ಷೆಯ ತತ್ವವೂ ಇದೇ, ಅದರಲ್ಲಿ 54 ಹೇಳಿಕೆಗಳನ್ನು 9 ರಾಶಿಗಳಾಗಿ ಜೋಡಿಸಬೇಕು. ಎಚ್‌ಆರ್ ಅಥವಾ ಮ್ಯಾನೇಜರ್ ಕೈಗೆ ಚೀಟಿ ಕೊಟ್ಟರೆ ಕೆಲಸಕ್ಕೆ ಬಾರದು, ಇರೋದನ್ನು ಬಿಟ್ಟು ಇರಬೇಕಾದ್ದನ್ನು ಜೋಡಿಸ್ತಾರೆ. ಬೇರೆ ಟೀಮಿನವರ ಉತ್ತರವನ್ನೂ ನಂಬಬೇಡಿ. ಒಂದೇ ಕಂಪನಿಯಲ್ಲಿ ಸೇಲ್ಸ್‌ನ ಗಾಳಿ ಬೇರೆ, ಅಕೌಂಟ್ಸ್‌ನದ್ದು ಬೇರೆ.