60 ಡ್ಯಾಗ್ ಕಿತ್ತಾಕಿ ಒಂದೇ ಟಾಸ್ಕ್ ಇಟ್ಟೆ: ನನ್ನ ಅನುಭವ

ನಮ್ಮ ಗಿರಾಕಿ ಅಂಗಡಿಗಳಿಗೆ ಎಸ್‌ಎಂಎಸ್‌ನಲ್ಲಿ ಹೋಗೋ ವ್ಯಾಪಾರದ ರಿಪೋರ್ಟನ್ನೆಲ್ಲಾ ಏರ್‌ಫ್ಲೋನಲ್ಲಿ (ಟೈಮಿಗೆ ಸರಿಯಾಗಿ ಕೆಲಸ ಓಡಿಸೋ ಸಾಫ್ಟ್‌ವೇರ್) ಒಂದೇ ಟಾಸ್ಕಲ್ಲಿ ಓಡಿಸ್ತೀನಿ ಅಂದಾಗ ಆಫೀಸಲ್ಲಿ ಒಬ್ರೂ ನಂಬಲಿಲ್ಲ. "ಒಂದು ಬಿದ್ರೆ ಎಲ್ಲಾ ಮಲಗುತ್ತೆ ಗುರು" ಅಂದ್ರು ನಮ್ಮ ಸೀನಿಯರ್, ಟೀ ಕುಡೀತಾ. ಏಳೆಂಟು ತಿಂಗಳಾಯ್ತು, ಮಲಗಿಲ್ಲ, ಅದಕ್ಕೇ ಬರೀತಿದೀನಿ.

ಮೊದಲು ಏರ್‌ಫ್ಲೋನಲ್ಲಿ ಅಂಗಡಿಗೊಂದು ಡ್ಯಾಗ್ ಫೈಲ್ (ಯಾವ ಟಾಸ್ಕ್ ಯಾವಾಗ, ಯಾವ ಕ್ರಮದಲ್ಲಿ ಅಂತ ಬರೆದಿರೋದು) ಇತ್ತು, ಹತ್ತಿರ ಹತ್ತಿರ 60. ಎಲ್ಲಾ ಕಾಪಿ ಪೇಸ್ಟ್, ಬದಲಾಗೋದು ಐಡಿ ಮತ್ತೆ ಟೈಮು ಮಾತ್ರ. ಒಂದು ಕಾಲಂ ಸೇರಿಸೋಕೆ 60 ಫೈಲ್ ತೆಗಿಬೇಕು, ಅದ್ರಲ್ಲಿ ಮೂರ್ನಾಲ್ಕು ಮರ್ತೇ ಹೋಗ್ತಿತ್ತು. ಈಗ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಟೇಬಲ್, ಒಂದು ಕೆಲಸಕ್ಕೆ ಒಂದು ಸಾಲು, ಅದ್ರಲ್ಲೇ ಅದರ ಕ್ರಾನ್ (ಯಾವಾಗ ಓಡಬೇಕು ಅನ್ನೋ ಸೂತ್ರ). ಒಂದು ಡ್ಯಾಗ್ 15 ನಿಮಿಷಕ್ಕೊಂದ್ಸಲ ಎದ್ದು ಟೈಮ್ ಬಂದಿರೋ ಸಾಲುಗಳನ್ನ ಲಿಸ್ಟ್ ಮಾಡುತ್ತೆ, ಮುಂದಿನ ಟಾಸ್ಕು ಎಕ್ಸ್‌ಪ್ಯಾಂಡ್ ಆಗುತ್ತೆ, ಅಂದ್ರೆ ಸಾಲಿಗೊಂದು ಪ್ರತಿಯಾಗಿ ಬೇರೆ ಬೇರೆ ಓಡುತ್ತೆ. ಒಂದು ಅಂಗಡಿದು ಫೇಲ್ ಆದ್ರೆ ಅದೊಂದನ್ನೇ ಕ್ಲಿಯರ್ ಮಾಡಿ ಮತ್ತೆ ಓಡಿಸಬಹುದು, ಸೀನಿಯರ್‌ಗೆ ಗೊತ್ತಿಲ್ದೇ ಇದ್ದಿದ್ದು ಇದೇ.

ಮೊದಲನೇ ದಿನ ಮಾತ್ರ ಮಾನ ಹೋಯ್ತು. ಯಾವ ಸಾಲಿಗೆ ಟೈಮ್ ಬಂದಿದೆ ಅಂತ ಡೇಟ್‌ಟೈಮ್ ನೌ (ಆ ಕ್ಷಣದ ಗಡಿಯಾರ) ಇಟ್ಕೊಂಡು ನೋಡ್ತಿದ್ದೆ, ಸ್ಟಾರ್ಟ್ ಡೇಟ್ ಎರಡು ತಿಂಗಳು ಹಿಂದಿಂದು, ಕ್ಯಾಚಪ್ ಫಾಲ್ಸ್ (ಹಿಂದಿನ ಬಾಕಿ ರನ್ ಓಡಿಸಬೇಡ ಅನ್ನೋ ಸೆಟ್ಟಿಂಗ್) ಹಾಕೋದು ಮರ್ತಿದ್ದೆ. ಬೆಳಿಗ್ಗೆ 9ಕ್ಕೆ ಆನ್ ಮಾಡಿದ್ರೆ ಐದು ಸಾವಿರ ಚಿಲ್ಲರೆ ಹಳೇ ರನ್ ಕ್ಯೂನಲ್ಲಿ ನಿಂತ್ವು, ಪ್ರತಿಯೊಂದಕ್ಕೂ "ಈಗ 9 ಗಂಟೆ" ಅನ್ಸಿ ಅದೇ ಎಸ್‌ಎಂಎಸ್ ಮತ್ತೆ ಮತ್ತೆ ಹೋಯ್ತು, ನಾನು ನಿಲ್ಲಿಸೋ ಬಟನ್ ಒತ್ತೋಷ್ಟರಲ್ಲಿ ಒಬ್ಬೊಬ್ಬ ಅಂಗಡಿಯವರಿಗೂ ತಲಾ 70 ಸಲ "ನಿನ್ನೆಯ ವ್ಯಾಪಾರ" ಬಂದಿತ್ತು. ದುಡ್ಡು 800-900 ಅಷ್ಟೇ ಹೋಗಿದ್ದು, ಬೈಗುಳದ ಲೆಕ್ಕ ಇಟ್ಟಿಲ್ಲ.

ಆಮೇಲೆ ನೌ ತೆಗೆದು ಡೇಟಾ ಇಂಟರ್ವಲ್, ಅಂದ್ರೆ ಆ ರನ್‌ಗೆ ಸೇರಿದ 15 ನಿಮಿಷದ ಅವಧಿ, ಹಿಡ್ಕೊಂಡೆ; ಆ ಅವಧಿ ಮುಗಿದ ಮೇಲೇ ರನ್ ಓಡೋದು. ಅಲ್ಲೂ ಒಂದು ತಗಾದೆ: ಅವಧಿಯ ಶುರುವನ್ನ ಒಳಗೆ ಸೇರಿಸಿ ಕೊನೆ ಬಿಟ್ರೆ 6 ಗಂಟೆ ರಿಪೋರ್ಟ್ 6:15ಕ್ಕೆ ಬರುತ್ತೆ, ಶುರು ಬಿಟ್ಟು ಕೊನೆ ಸೇರಿಸಿದ್ರೆ ಸರಿಯಾಗಿ 6ಕ್ಕೆ. ಇದು ಹೊಳೆಯೋಕೆ ಎರಡು ವಾರ ಬೇಕಾಯ್ತು. ಮತ್ತೆ ಕ್ರಾನ್ ಯುಟಿಸಿನಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಟೈಮು) ಬರೀಬೇಡಿ ಮಾರಾಯ್ರೇ, 1ನೇ ತಾರೀಖು ಬೆಳಗಿನ 5 ಗಂಟೆ ಅಂದ್ರೆ ಅಲ್ಲಿ ಹಿಂದಿನ ದಿನ ರಾತ್ರಿ 11:30, ಅದು 28ನೋ 30ನೋ 31ನೋ ಕ್ರಾನ್‌ಗೆ ಹೇಗ್ರೀ ಹೇಳೋದು? ಟೈಮ್ ಝೋನ್ ಏಷ್ಯಾ ಕೋಲ್ಕತ್ತಾ (ನಮ್ಮ ಭಾರತದ ಟೈಮು) ಹಾಕಿ.

ಒಂದೇ ಟೈಮಿಗೆ ಒಂದೇ ಸಾಲು ಎರಡು ಸಲ ಓಡದ ಹಾಗೆ ಒಂದು ಯುನೀಕ್ ಕೀ (ಅದೇ ದಾಖಲೆ ಎರಡನೇ ಸಲ ಸೇರದಂಗೆ ಡೇಟಾಬೇಸ್ ತಡೆಯೋ ನಿಯಮ) ಇಟ್ಟಿದೀನಿ.

ಇದೇ ಐಡಿಯಾ ಮನೇಲಿ ಎನ್8ಎನ್‌ನಲ್ಲೂ (ಕೆಲಸ ತಾನಾಗೇ ಮಾಡಿಸೋ ಇನ್ನೊಂದು ಸಾಫ್ಟ್‌ವೇರ್) ಮಾಡಿದೆ: ಒಂದೇ ವರ್ಕ್‌ಫ್ಲೋ, ಒಂದು ಶೀಟು, ಅಮ್ಮನ ಬಿಪಿ ಮಾತ್ರೆ, ಗ್ಯಾಸ್ ಬುಕಿಂಗು, ಹಾಲಿನ ಲೆಕ್ಕ, ಎಲ್ಲದಕ್ಕೂ ಮೆಸೇಜ್. ಅಮ್ಮ ಮೂರೇ ದಿನಕ್ಕೆ ನಂಬರ್ ಬ್ಲಾಕ್ ಮಾಡಿದ್ರು.

ಆಫೀಸಲ್ಲಿ ಫೈಲ್ ಕಮ್ಮಿಯಾಗಿ ಏರ್‌ಫ್ಲೋನ ಶೆಡ್ಯೂಲರ್ (ಯಾವುದು ಯಾವಾಗ ಓಡಬೇಕು ಅಂತ ನೋಡ್ಕೊಳ್ಳೋ ಭಾಗ) ಹಗುರ ಆಯ್ತು, 8 ಜಿಬಿ ಮೆಷೀನ್ 4ಕ್ಕೆ ಇಳಿಸಿದೆ, ತಿಂಗಳಿಗೆ ಎರಡೂವರೆ ಸಾವಿರ ಉಳೀತಿದೆ. ಎರಡು ದೊಡ್ಡ ಗಿರಾಕಿಗಳದು ಮಾತ್ರ ಇನ್ನೂ ಹಳೇ ಡ್ಯಾಗಲ್ಲೇ ಇದೆ. ಒಂದೊಂದೂ 2 ಗಂಟೆ ಓಡುತ್ತೆ, ನಾನು ಹೊಸ ಡ್ಯಾಗಲ್ಲಿ ಆಕ್ಟಿವ್ ರನ್ 1 ಅಂತ (ಒಂದು ರನ್ ಮುಗಿಯೋವರೆಗೂ ಮುಂದಿಂದು ಶುರುವಾಗಲ್ಲ) ಇಟ್ಟಿರೋದ್ರಿಂದ ಅವನ್ನ ಒಳಗೆ ತಂದ್ರೆ ಹಿಂದೆ ಇರೋ ಎಲ್ಲರೂ ಕಾಯ್ಬೇಕು, ಅಲ್ಲಿಗೆ ಸೀನಿಯರ್ ಮಾತೇ ನಿಜ ಆಗುತ್ತೆ.