ಹದಿನೇಳು ಗಂಟೆಯ ಲೆಕ್ಕ: ಡಿಎಲ್ಎ ಇಟ್ಟುಕೊಂಡೇ ಟ್ಯಾಕ್ಸ್ ಕ್ರೆಡಿಟ್ ಪಡೆದ ನನ್ನ ಅನುಭವ

"ಎರಡೂ ಒಟ್ಟಿಗೆ ಕೊಡಲ್ಲ ಗುರೂ. ಸುಮ್ನೆ ಇರೋದನ್ನೂ ಕಳ್ಕೋತೀಯ."

2012ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ನಮ್ಮ ಕನ್ನಡ ಬಳಗದಲ್ಲಿ ಈ ಮಾತನ್ನು ಕನಿಷ್ಠ ಐದಾರು ಜನ ಹೇಳಿದ್ದರು. ಹೇಳಿದವರಲ್ಲಿ ಒಬ್ಬರು ಅಕೌಂಟೆಂಟ್ ಬೇರೆ. ಅದಾದ ಮೇಲೆ ಹನ್ನೆರಡು ವರ್ಷ ನಾನು ಎರಡನ್ನೂ, ಅಂದರೆ ಡಿಎಲ್ಎ (ಅಂಗವೈಕಲ್ಯದ ಕಷ್ಟ ನೋಡಿ ಸರ್ಕಾರ ಕೊಡುವ ಭತ್ಯೆ, ಆಮೇಲೆ ಅದರ ಜಾಗಕ್ಕೆ ಬಂದ ಪಿಪ್) ಮತ್ತು ಟ್ಯಾಕ್ಸ್ ಕ್ರೆಡಿಟ್ (ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ಕೊಡುತ್ತಿದ್ದ ನೆರವು), ಒಟ್ಟಿಗೆ ತೆಗೆದುಕೊಂಡೆ. ಕಳೆದ ವರ್ಷ ಅದೇ ಅಕೌಂಟೆಂಟ್ ತಮ್ಮ ಅತ್ತಿಗೆಯ ಕಾಗದಗಳನ್ನು ಹಿಡಿದು ನಮ್ಮ ಮನೆಗೆ ಬಂದರು. ಹಾಗಾಗಿ ಒಮ್ಮೆ ಎಲ್ಲ ಬರೆದಿಡೋಣ ಅನ್ನಿಸಿತು. ಟ್ಯಾಕ್ಸ್ ಕ್ರೆಡಿಟ್ 2025ರ ಏಪ್ರಿಲ್ 5ಕ್ಕೆ ಪೂರ್ತಿ ಮುಚ್ಚಿಹೋಗಿದೆ, ನಿಜ. ಆದರೆ ಇದರ ಬಾಲ ಅದರ ಜಾಗಕ್ಕೆ ಬಂದ ಯುನಿವರ್ಸಲ್ ಕ್ರೆಡಿಟ್‌ಗೂ ಅಂಟಿಕೊಂಡಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಫಾರಂ ತುಂಬಿ ಗೊತ್ತಿರುವವರಿಗೇ ಇದನ್ನು ಬರೆಯುತ್ತಿದ್ದೇನೆ, ಬುಡದಿಂದ ವಿವರಿಸಲು ಹೋಗುವುದಿಲ್ಲ.

ನನಗೆ ಎಡಗಾಲಿಗೆ ಪೋಲಿಯೊ. ತುಮಕೂರಿನಲ್ಲಿ ಮೂರನೇ ವರ್ಷಕ್ಕೆ ಬಂದದ್ದು. ಕ್ಯಾಲಿಪರ್ ಹಾಕಿಕೊಂಡೇ ಓದು, ಕೆಲಸ ಎಲ್ಲ ಆಯಿತು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಇಲ್ಲಿಗೆ ಬಂದೆ, ಕಾಯಂ ವಾಸದ ಹಕ್ಕೂ ಸಿಕ್ಕಿತು. ನಲವತ್ತು ದಾಟಿದ ಮೇಲೆ ಒಳ್ಳೆಯ ಕಾಲೂ ಸೋಲತೊಡಗಿತು. ಪೋಸ್ಟ್ ಪೋಲಿಯೊ ಅಂತಾರೆ. ಫುಲ್ ಟೈಮ್ ಕೆಲಸ ಬಿಟ್ಟೆ. ಡಿಎಲ್ಎಯಲ್ಲಿ ಓಡಾಟದ ಹೆಚ್ಚಿನ ದರ ಸಿಗುತ್ತಿತ್ತು, ಆಗ ವಾರಕ್ಕೆ 54 ಪೌಂಡ್. ಜೊತೆಗೆ ನಾನು ಕಟ್ಟಿದ್ದ ನ್ಯಾಷನಲ್ ಇನ್ಶೂರೆನ್ಸ್ ಲೆಕ್ಕದಲ್ಲಿ ಇಎಸ್ಎ (ಕಾಯಿಲೆ, ಅಂಗವೈಕಲ್ಯದಿಂದ ದುಡಿಯಲು ಆಗದವರಿಗೆ ಕೊಡುವ ನೆರವು), ವಾರಕ್ಕೆ 99 ಪೌಂಡ್ ಚಿಲ್ಲರೆ.

ಆಮೇಲೆ 2012ರ ಏಪ್ರಿಲ್ ಕೊನೆಗೆ ಹೊಸ ನಿಯಮ ಬಂತು. ವರ್ಕ್ ರಿಲೇಟೆಡ್ ಗುಂಪಿನಲ್ಲಿದ್ದವರಿಗೆ (ಮುಂದೆ ಕೆಲಸಕ್ಕೆ ಮರಳಬಹುದು ಅಂತ ಗುರುತಿಸಿದವರಿಗೆ) ಕಾಂಟ್ರಿಬ್ಯೂಷನ್ ಇಎಸ್ಎ, ಅಂದರೆ ಇನ್ಶೂರೆನ್ಸ್ ಲೆಕ್ಕದ್ದು, ಒಂದು ವರ್ಷ ಮಾತ್ರ. ನನ್ನದು ಆಗಲೇ ವರ್ಷ ದಾಟಿತ್ತು, ಒಂದೇ ಏಟಿಗೆ ನಿಂತಿತು. ಆದಾಯ ನೋಡಿ ಕೊಡುವ ಇಎಸ್ಎಗೆ ಹೋಗೋಣ ಅಂದರೆ, ಫ್ಲ್ಯಾಟ್ ಕೊಳ್ಳಲು ಇಟ್ಟಿದ್ದ ಉಳಿತಾಯ 16,000 ಪೌಂಡ್ ಮೀರಿತ್ತು. ಅಲ್ಲೂ ಬಾಗಿಲು ಬಂದ್.

ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಉಳಿತಾಯಕ್ಕೆ ಮಿತಿಯೇ ಇರಲಿಲ್ಲ. ಬ್ಯಾಂಕಿನ ಬಡ್ಡಿಯನ್ನು ಮಾತ್ರ ಆದಾಯ ಅಂತ ಹಿಡಿಯುತ್ತಿದ್ದರು, ಅದರಲ್ಲೂ ವರ್ಷಕ್ಕೆ ಮೊದಲ 300 ಪೌಂಡ್ ಬಿಟ್ಟು. ಇದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಬಳಗದವರ ಅನುಮಾನ ಎಲ್ಲಿಂದ ಬಂತು ಅನ್ನುವುದು ನನಗೆ ಆಮೇಲೆ ಹೊಳೆಯಿತು. ನಮ್ಮೂರಲ್ಲಿ ಅಂಗವಿಕಲರ ಮಾಸಾಶನಕ್ಕೆ ಆದಾಯ ಮಿತಿ ಇದೆ. ಸಂಬಳ ಬಂದರೆ ಮಾಸಾಶನ ಹೋಯಿತು ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಬಂದವರು ಡಿಎಲ್ಎ, ಇಎಸ್ಎ ಎರಡನ್ನೂ ಒಂದೇ ಚೀಲಕ್ಕೆ ಹಾಕಿ "ಅಂಗವಿಕಲರ ದುಡ್ಡು" ಅಂದುಬಿಡುತ್ತಾರೆ. ಅಲ್ಲೇ ಎಡವಟ್ಟು. ಇಎಸ್ಎ ಬಾಗಿಲು ವಾರಕ್ಕೆ 16 ಗಂಟೆ ಕೆಲಸ ಆದ ಕೂಡಲೇ ಮುಚ್ಚುತ್ತದೆ. ಟ್ಯಾಕ್ಸ್ ಕ್ರೆಡಿಟ್ ಬಾಗಿಲು ಅದೇ 16ಕ್ಕೆ ತೆರೆಯುತ್ತಿತ್ತು. ಹಾಗಾಗಿ ಒಬ್ಬನೇ ಮನುಷ್ಯ ಆ ಎರಡನ್ನೂ ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ಆದರೆ ಡಿಎಲ್ಎ ಕೇಳುವುದು ನಿನ್ನ ಮೈಗೆ ಏನು ಕಷ್ಟ ಅಂತ. ನೀನು ದುಡಿಯುತ್ತೀಯಾ, ಎಷ್ಟು ದುಡಿಯುತ್ತೀಯಾ ಅನ್ನುವುದು ಅದಕ್ಕೆ ಬೇಡ. ಅಷ್ಟೇ ಯಾಕೆ, ಟ್ಯಾಕ್ಸ್ ಕ್ರೆಡಿಟ್ ಬೀಗಕ್ಕೆ ಡಿಎಲ್ಎಯೇ ಬೀಗದಕೈ ಆಗಿತ್ತು. ಮಕ್ಕಳಿಲ್ಲದ ಒಂಟಿ ಮನುಷ್ಯ ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್ ಪಡೆಯಲು ಸಾಮಾನ್ಯವಾಗಿ 25 ವರ್ಷ ತುಂಬಿರಬೇಕಿತ್ತು, ವಾರಕ್ಕೆ 30 ಗಂಟೆ ದುಡಿಯಬೇಕಿತ್ತು. ಡಿಎಲ್ಎ ಇದ್ದು, ಮೈಯ ತೊಂದರೆಯಿಂದ ಕೆಲಸ ಸಿಗುವುದು ಕಷ್ಟ ಅಂತ ತೋರಿಸಿದರೆ 16 ಸಾಕಿತ್ತು.

ಈಗ ಸೋಲಿನ ಕತೆ.

2012ರ ಮೇ ತಿಂಗಳಲ್ಲಿ ಒಂದು ಸಣ್ಣ ಕಚೇರಿಯಲ್ಲಿ ಡೇಟಾ ಎಂಟ್ರಿ ಕೆಲಸ ಹಿಡಿದೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಾಲ್ಕು ಗಂಟೆ, ಗಂಟೆಗೆ 7 ಪೌಂಡ್. ಟ್ಯಾಕ್ಸ್ ಕ್ರೆಡಿಟ್ ಕಚೇರಿಗೆ ಫೋನ್ ಮಾಡಿ ಕೇಳಿದರೆ, ಆ ಕಡೆ ಎತ್ತಿದವರು "30 ಗಂಟೆ ಆಗಬೇಕು" ಅಂದು ಇಟ್ಟರು. ಎರಡು ವಾರ ಅದನ್ನೇ ನಂಬಿಕೊಂಡು ಕೂತೆ. ಆಮೇಲೆ ಅರ್ಜಿಯ ಟಿಸಿ600 ಫಾರಂ ತರಿಸಿ ತುಂಬಿದೆ. ಅಂಗವೈಕಲ್ಯದ ಪ್ರಶ್ನೆಗೆ ಹೌದು ಅಂತ ಗುರುತು ಹಾಕಲಿಲ್ಲ. ಯಾಕೆ ಅಂತೀರಾ? ಡಿಎಲ್ಎ ಬರುತ್ತಿದೆ ಅಂತ ಗೊತ್ತಾದರೆ ನಿಲ್ಲಿಸಿಬಿಡುತ್ತಾರೆ ಅಂತ ಬಳಗದವರು ಹೆದರಿಸಿದ್ದರಲ್ಲ! ಬೀಗದಕೈಯನ್ನೇ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಬಾಗಿಲು ತಟ್ಟಿದ ಹಾಗಾಯಿತು. ತಿರಸ್ಕಾರ.

ಎರಡನೇ ಸಲ ಗುರುತು ಹಾಕಿದೆ. ಆಗ ಕೆಲಸದ ಕಾಗದ ಕೇಳಿದರು. ಅದರಲ್ಲಿ ದಿನಕ್ಕೆ ಕಾಲು ಗಂಟೆ ಟೀ ವಿರಾಮ, ಸಂಬಳ ಇಲ್ಲ ಅಂತ ಬರೆದಿತ್ತು. ನಾಲ್ಕು ದಿನಕ್ಕೆ ಒಂದು ಗಂಟೆ ಖೋತಾ. ಅಂದರೆ 15 ಗಂಟೆ. ಸಂಬಳ ಇಲ್ಲದ ವಿರಾಮ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾನು ಆ ಹೊತ್ತಿನಲ್ಲಿ ಟೀ ಕೂಡ ಕುಡಿಯುತ್ತಿರಲಿಲ್ಲ, ಕ್ಯಾಲಿಪರ್ ಪಟ್ಟಿ ಸಡಿಲ ಮಾಡಿ ಕೂರುತ್ತಿದ್ದೆ ಅಷ್ಟೇ. ಮತ್ತೆ ತಿರಸ್ಕಾರ. ಒಟ್ಟು ನಾಲ್ಕು ತಿಂಗಳಲ್ಲಿ ಕೈಬಿಟ್ಟದ್ದು ಹತ್ತಿರ ಹತ್ತಿರ 1,500 ಪೌಂಡ್. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸೆಪ್ಟೆಂಬರ್‌ನಲ್ಲಿ ಮ್ಯಾನೇಜರ್ ಹತ್ತಿರ ಮಾತಾಡಿದೆ. ಸಂಬಳ ಬರುವ ಗಂಟೆ 17 ಅಂತ ಹೊಸ ಕಾಗದ ಮಾಡಿಸಿಕೊಂಡೆ. 16 ಅಂತ ಬರೆಸಲೇಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದದ್ದು ಇದಕ್ಕೇ. ಒಂದು ಗಂಟೆ ಮೇಲೆ ಇರಲಿ, ಮೆತ್ತೆ ಇದ್ದ ಹಾಗೆ. ಮ್ಯಾನೇಜರ್ ಒಪ್ಪುವ ಹಾಗೆ ಹೇಗೆ ಕೇಳಿದೆ ಅನ್ನುವುದು ನನ್ನ ಗುಟ್ಟು. ಅದನ್ನು ಎದುರಿಗೆ ಕೂತವರಿಗೆ ಮಾತ್ರ ಹೇಳುತ್ತೇನೆ.

ಮೂರನೇ ಅರ್ಜಿಗೆ ಮೊದಲು ಇನ್ನೊಂದು ಕೆಲಸ ಮಾಡಿದೆ. ಕೆಲಸ ಸಿಗಲು ತೊಂದರೆ ಅಂತ ತೋರಿಸಲು ನಿಯಮದಲ್ಲಿ ಒಂದು ಪಟ್ಟಿ ಇತ್ತು. ನಿಂತಾಗ ಏನನ್ನಾದರೂ ಹಿಡಿದುಕೊಳ್ಳದೆ ಸಮತೋಲ ಇರುವುದಿಲ್ಲ, ಸಮನೆಲದಲ್ಲಿ ನಿಲ್ಲದೆ 100 ಮೀಟರ್ ನಡೆಯಲು ಆಗುವುದಿಲ್ಲ, ಹೀಗೆ. ಅದರಲ್ಲಿ ಒಂದಕ್ಕೆ ಹೊಂದಿದರೂ ಸಾಕು. ನಾನು ಎರಡಕ್ಕೆ ಹೊಂದುತ್ತಿದ್ದೆ. ಪಟ್ಟಿಯ ಮಾತನ್ನೇ ಬಳಸಿದೆ, ನನ್ನ ಕಷ್ಟದ ಪುರಾಣ ಬರೆಯಲಿಲ್ಲ. ಪುರಾಣ ಬರೆದವರ ಅರ್ಜಿ ತಿಂಗಳುಗಟ್ಟಲೆ ನಿಂತದ್ದನ್ನು ನೋಡಿದ್ದೇನೆ.

ನವೆಂಬರ್‌ನಲ್ಲಿ ಲಕೋಟೆ ಬಂತು. ಮೂಲ ಮೊತ್ತ ವರ್ಷಕ್ಕೆ 1,920, ಅಂಗವಿಕಲ ಕೆಲಸಗಾರರ ಭಾಗ 2,790. ಎರಡೂ ಸೇರಿ 4,710. ಆಗ ಆದಾಯ 6,420 ದಾಟಿದರೆ, ದಾಟಿದ ಪ್ರತಿ ಪೌಂಡ್‌ಗೆ 41 ಪೆನ್ಸ್ ಕತ್ತರಿ. ನನ್ನ ಸಂಬಳ ವರ್ಷಕ್ಕೆ 6,200ರ ಆಸುಪಾಸು. ಕತ್ತರಿ ತಾಕಲೇ ಇಲ್ಲ. ವಾರದ ಲೆಕ್ಕ ಹೇಳಬೇಕೆಂದರೆ ಸಂಬಳ 119, ಕ್ರೆಡಿಟ್ 90, ಡಿಎಲ್ಎ 54. ಇಎಸ್ಎ ಕಾಲದಲ್ಲಿ 153 ಇದ್ದದ್ದು 263 ಆಯಿತು. ಡಿಎಲ್ಎ ಒಂದು ಪೆನ್ನಿಯೂ ಕಡಿಮೆಯಾಗಲಿಲ್ಲ. ಆ ಲಕೋಟೆಯನ್ನು ಬಳಗದ ದೀಪಾವಳಿಗೆ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಯಾರ್ಯಾರಿಗೆ ತೋರಿಸಿದೆ ಅಂತ ಬರೆಯುವುದಿಲ್ಲ. ಬಾಡಿಗೆಗೆ ಹೌಸಿಂಗ್ ಬೆನಿಫಿಟ್ ತೆಗೆದುಕೊಳ್ಳುತ್ತಿದ್ದವರಿಗೆ ಮಾತ್ರ ಇಷ್ಟು ಲಾಭ ಇರಲಿಲ್ಲ. ಕ್ರೆಡಿಟ್ ಬಂದ ಹಾಗೆ ಆ ನೆರವು ಕರಗುತ್ತಿತ್ತು.

ಮೊದಲ ರಿನ್ಯೂವಲ್‌ನಲ್ಲೇ ನಾನೇ ಒಂದು ತಪ್ಪು ಮಾಡಿದೆ. 2013ರ ಜುಲೈ 31ರೊಳಗೆ ಕಳಿಸುವ ಗಡಿಬಿಡಿಯಲ್ಲಿ ಡಿಎಲ್ಎಯನ್ನೂ ಆದಾಯದ ಖಾನೆಯಲ್ಲಿ ಬರೆದೆ. ಅದು ಆದಾಯವೇ ಅಲ್ಲ. ಅದನ್ನು ಸೇರಿಸಿದ್ದಕ್ಕೆ ವರ್ಷಕ್ಕೆ ಸಾವಿರ ಪೌಂಡ್ ಮೇಲೆ ಕತ್ತರಿ ಬಿತ್ತು. ಅಕ್ಟೋಬರ್‌ನಲ್ಲಿ ಬ್ಯಾಂಕ್ ಪುಸ್ತಕ ನೋಡುವಾಗ ಗೊತ್ತಾಯಿತು. ಫೋನ್, ಪತ್ರ, ಮತ್ತೆ ಫೋನ್. ಕೊನೆಗೆ ಸರಿ ಹೋಯಿತು.

ದುರಾಸೆಯ ಪ್ರಯೋಗವೂ ಒಂದು ನಡೆಯಿತು. 30 ಗಂಟೆ ದುಡಿದರೆ ಇನ್ನೊಂದು ಭಾಗ ಸೇರುತ್ತಿತ್ತು, ವರ್ಷಕ್ಕೆ 790 ಪೌಂಡ್. ಸ್ವಂತ ಉದ್ಯೋಗದ ಗಂಟೆಯೂ ಲೆಕ್ಕಕ್ಕೆ ಬರುತ್ತದೆ ಅಂತ ಓದಿ, ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರಲು ಹೊರಟೆ. ಶೇಂಗಾ, ಅಗಸೆ, ಹುರಿಗಡಲೆ ಮೂರು ಬಗೆ. ಸ್ಟೂಲ್ ಮೇಲೆ ಕೂತು ಹುರಿಯುವುದು, ಪುಡಿ ಮಾಡುವುದು, ಡಬ್ಬಿ ತುಂಬುವುದು, ಎಲ್ಲ ಗಂಟೆಯನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಡಬ್ಬಿ, ಲೇಬಲ್, ಆಹಾರ ಶುಚಿತ್ವದ ಸರ್ಟಿಫಿಕೇಟ್ ಅಂತ 220 ಪೌಂಡ್ ಖರ್ಚು. ಬಂದದ್ದು 80. ಅಗಸೆ ಪುಡಿ ಚೆನ್ನಾಗಿ ಹೋಯಿತು, ಹುರಿಗಡಲೆ ಪುಡಿಯನ್ನು ಯಾರೂ ಮುಟ್ಟಲಿಲ್ಲ. ವಾರಕ್ಕೆ 13 ಗಂಟೆ ಹೆಚ್ಚು ಮಾಡಿದ್ದಕ್ಕೆ ಬಲಗಾಲು ಊದಿಕೊಂಡಿತು. ಮೂರೇ ತಿಂಗಳಿಗೆ ಒಲೆ ಆರಿಸಿದೆ. ಒಳ್ಳೆಯದೇ ಆಯಿತು. 2015ರ ಏಪ್ರಿಲ್‌ನಿಂದ ಸ್ವಂತ ಉದ್ಯೋಗ ಅಂದರೆ ಲಾಭದ ಉದ್ದೇಶದ ನಿಜವಾದ ವ್ಯಾಪಾರವೇ ಆಗಿರಬೇಕು ಅಂತ ಬಿಗಿ ಮಾಡಿದರು. ನನ್ನ ಪುಸ್ತಕ ನೋಡಿದ್ದರೆ ನಕ್ಕುಬಿಡುತ್ತಿದ್ದರು.

2014ರ ಚಳಿಗಾಲದಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಒಂಬತ್ತು ವಾರ ಮನೆಯಲ್ಲಿದ್ದೆ. ಈ ಸಲ ಕ್ರೆಡಿಟ್ ಹೋಯಿತು ಅಂತಲೇ ಎಲ್ಲರೂ ಅಂದರು. ಹೋಗಲಿಲ್ಲ. ಕಂಪನಿಯಿಂದ ಸಿಕ್ ಪೇ ಬರುತ್ತಿದ್ದರೆ 28 ವಾರದವರೆಗೆ ಕೆಲಸದಲ್ಲಿದ್ದ ಹಾಗೇ ಲೆಕ್ಕ ಹಿಡಿಯುತ್ತಿದ್ದರು. ಬಿದ್ದ ಮೇಲೆಯೇ ಆಕ್ಸೆಸ್ ಟು ವರ್ಕ್ ಯೋಜನೆಯಿಂದ ಕೆಲಸಕ್ಕೆ ಹೋಗಿ ಬರಲು ಟ್ಯಾಕ್ಸಿ ಖರ್ಚು ಸಿಗುತ್ತದೆ ಅಂತ ತಿಳಿದದ್ದು. ಎರಡು ವರ್ಷ ಸುಮ್ನೆ ಬಸ್ಸಿನಲ್ಲಿ ಒದ್ದಾಡಿದ್ದೆ.

ದೊಡ್ಡ ಹೆದರಿಕೆ ಬಂದದ್ದು 2016ರಲ್ಲಿ, ಡಿಎಲ್ಎಯಿಂದ, ದೊಡ್ಡವರಿಗೆ ಅದರ ಜಾಗಕ್ಕೆ ತಂದ ಪಿಪ್‌ಗೆ ಬದಲಾಯಿಸಿದಾಗ. ಹಳೆಯದರಲ್ಲಿ 50 ಮೀಟರ್ ಮಾತು ಇತ್ತು, ಹೊಸದರಲ್ಲಿ ಮೇಲಿನ ದರಕ್ಕೆ 20 ಮೀಟರ್. ಪರೀಕ್ಷಿಸಲು ಬಂದವರು ನಾನು ಕೋಣೆಯಿಂದ ಅಡುಗೆಮನೆಗೆ ನಡೆದದ್ದನ್ನು ನೋಡಿ ಕೆಳಗಿನ ದರ ಬರೆದರು. 57 ಚಿಲ್ಲರೆ ಬರಬೇಕಾದಲ್ಲಿ 21 ಚಿಲ್ಲರೆ. ಆದರೆ ಟ್ಯಾಕ್ಸ್ ಕ್ರೆಡಿಟ್ ಅಲ್ಲಾಡಲಿಲ್ಲ. ಪಿಪ್‌ನ ಯಾವ ದರ ಇದ್ದರೂ ಬೀಗದಕೈ ಅದೇ. ಪೂರ್ತಿ ತಪ್ಪಿದ್ದರೆ ಮಾತ್ರ ಎರಡೂ ಒಟ್ಟಿಗೆ ಬೀಳುತ್ತಿದ್ದವು. ಮರುಪರಿಶೀಲನೆ ಕೇಳಿದೆ, ಆಗಲಿಲ್ಲ. ಟ್ರಿಬ್ಯೂನಲ್‌ಗೆ ಹೋದೆ. ಅಲ್ಲಿ ಇಪ್ಪತ್ತು ನಿಮಿಷದಲ್ಲಿ ಗೆದ್ದೆ. ನಡೆದ ಮೇಲೆ ಮತ್ತೆ ಎಷ್ಟು ಹೊತ್ತಿಗೆ ಅಷ್ಟೇ ದೂರ ನಡೆಯಲು ಆಗುತ್ತದೆ ಅಂತ ಒಂದು ತಿಂಗಳು ಬರೆದಿಟ್ಟ ಡೈರಿ ಕೆಲಸ ಮಾಡಿತು. ಡೈರಿಯಲ್ಲಿ ಖಾನೆ ಹೇಗೆ ಹಾಕಿದೆ ಅನ್ನುವುದು ನನ್ನ ಎರಡನೇ ಗುಟ್ಟು.

ಇನ್ನು ಬಾಲದ ವಿಷಯ. 2024ರಲ್ಲಿ ಯುನಿವರ್ಸಲ್ ಕ್ರೆಡಿಟ್‌ಗೆ ಬಾ ಅಂತ ನೋಟಿಸ್ ಬಂತು, ಮೂರು ತಿಂಗಳ ಗಡುವು. ಅದರಲ್ಲಿ ಅಂಗವಿಕಲ ಕೆಲಸಗಾರರ ಭಾಗ ಅನ್ನುವುದೇ ಇಲ್ಲ. ನನ್ನ 17 ಗಂಟೆ ಸಂಬಳಕ್ಕೆ, ಅಂದರೆ ತಿಂಗಳಿಗೆ 870 ಪೌಂಡ್‌ಗೆ, ಹೊಸ ಲೆಕ್ಕದಲ್ಲಿ ಬರುವುದು ಸೊನ್ನೆ. ಆದರೆ ನೋಟಿಸ್ ಬಂದ ಮೇಲೆ ಗಡುವಿನೊಳಗೆ ಹೋದವರಿಗೆ ಹಳೆಯ ಮೊತ್ತ ಕಾಪಾಡುವ ಟ್ರಾನ್ಸಿಷನಲ್ ಭಾಗ ಇತ್ತು. ನನಗೆ ಕ್ರೆಡಿಟ್ ಬರುತ್ತಿದ್ದದ್ದು ತಿಂಗಳಿಗೆ 440ರ ಆಸುಪಾಸು, ಅಷ್ಟೇ ಉಳಿಯಿತು. 2012ರಲ್ಲಿ ಹೆದರಿ ಅರ್ಜಿ ಹಾಕದೆ ಕೂತವರಿಗೆ ಇಲ್ಲಿ ಕಾಪಾಡಲು ಏನೂ ಇರಲಿಲ್ಲ. ನೋಟಿಸ್‌ಗೆ ಮೊದಲೇ ಆತುರಪಟ್ಟು ತಾವೇ ಹೋದವರೂ ಕಳೆದುಕೊಂಡರು.

ಅಷ್ಟಕ್ಕೇ ಬಿಡಲಿಲ್ಲ. ಕೆಲಸದ ಸಾಮರ್ಥ್ಯದ ಪರೀಕ್ಷೆ ಮಾಡಿ ಅಂತ ಕೇಳಿದೆ. ನಿನ್ನ ಸಂಬಳ ಜಾಸ್ತಿ, ಪರೀಕ್ಷೆಗೆ ಕಳಿಸಲು ಬರುವುದಿಲ್ಲ ಅಂದರು. ಕನಿಷ್ಠ ವೇತನದ 16 ಗಂಟೆಗಿಂತ ಹೆಚ್ಚು ಗಳಿಸುವವರಿಗೆ ಹಾಗೇ ಇದೆ. ಆದರೆ ಪಿಪ್ ಬರುವವರಿಗೆ ಆ ತಡೆ ಇಲ್ಲ. ಮತ್ತೆ ಅದೇ ಬೀಗದಕೈ! ಪತ್ರ ಬರೆದು ಒಪ್ಪಿಸಿದೆ. ಪರೀಕ್ಷೆಯಲ್ಲಿ ಕೆಲಸದ ಸಾಮರ್ಥ್ಯ ಸೀಮಿತ ಅಂತ ಬಂತು. ಅದಕ್ಕೆ ಬೇರೆ ದುಡ್ಡು ಕೊಡುವುದಿಲ್ಲ. ಆದರೆ ಬಾಡಿಗೆ ನೆರವು ತೆಗೆದುಕೊಳ್ಳದ ನನ್ನಂಥವರಿಗೆ 2024-25ರಲ್ಲಿ ತಿಂಗಳ ಸಂಬಳದ ಮೊದಲ 673 ಪೌಂಡ್ ಲೆಕ್ಕದಿಂದ ಹೊರಗೆ ಇತ್ತು. ಉಳಿದದ್ದಕ್ಕೆ ಮಾತ್ರ ಪೌಂಡ್‌ಗೆ 55 ಪೆನ್ಸ್ ಕತ್ತರಿ. ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 370 ಪೌಂಡ್ ಜಾಸ್ತಿ ಬರತೊಡಗಿತು. ಇದೂ ಆಗಲ್ಲ ಅಂದವರೇ ಎಲ್ಲರೂ.

ವೀಸಾದಲ್ಲಿ ಸರ್ಕಾರಿ ನೆರವು ಇಲ್ಲ ಅಂತ ಮುದ್ರೆ ಇರುವವರು ಇದ್ಯಾವುದನ್ನೂ ಮುಟ್ಟಬೇಡಿ. ಡಿಎಲ್ಎ, ಪಿಪ್, ಕ್ರೆಡಿಟ್ ಎಲ್ಲವೂ ಆ ಪಟ್ಟಿಯಲ್ಲೇ ಇವೆ. ಕಾಯಂ ವಾಸದ ಹಕ್ಕು ಬರಲಿ, ಆಮೇಲೆ ನೋಡೋಣ.

ಅಕೌಂಟೆಂಟ್ ಅತ್ತಿಗೆಯ ಕಾಗದಗಳನ್ನು ನೋಡಿದೆ. ಅವರಿಗೆ ಪಿಪ್ ಇದೆ, ಕೆಲಸವೂ ಇದೆ, ಪರೀಕ್ಷೆಗೆ ಮಾತ್ರ ಯಾರೂ ಕೇಳಿರಲಿಲ್ಲ. ಪತ್ರ ನಾನೇ ಬರೆದುಕೊಟ್ಟೆ. ಕೆಲಸದ ಕಾಗದ ತಿರುವಿ ಹಾಕಿದರೆ ಅವರಿಗೂ ದಿನಕ್ಕೆ ಕಾಲು ಗಂಟೆ ವಿರಾಮ, ಸಂಬಳ ಇಲ್ಲ. ಈಗ ಅದರಿಂದ ತೊಂದರೆ ಇಲ್ಲ, ಬಿಡಿ. ಆದರೂ ನೋಡಿ ಮೈ ಜುಂ ಅಂದಿತು.