ಒಂದೇ ತೂಕದ ಉಪ್ಪು, ಬೇರೆ ಬೇರೆ ಹರಳು

ಉಪ್ಪುಗಳ ರುಚಿಯನ್ನು ಹೋಲಿಸಲು ಕುಳಿತಾಗ ನಾನು ಮೊದಲು ಬದಿಗಿಟ್ಟದ್ದು ಅಳತೆ ಚಮಚವನ್ನು. ಒಂದು ಟೀ ಚಮಚ ಪುಡಿಯುಪ್ಪು ಸುಮಾರು 6 ಗ್ರಾಂ ತೂಗುತ್ತದೆ. ಇಂಗ್ಲೆಂಡಿನ ಎಸೆಕ್ಸ್ ತೀರದ ಮಾಲ್ಡನ್ ಉಪ್ಪಿನ ತೆಳು ಹರಳುಗಳ ನಡುವೆ ಗಾಳಿಯೇ ಹೆಚ್ಚಾದ್ದರಿಂದ, ಅದೇ ಚಮಚದಲ್ಲಿ ಅದರ ತೂಕ ಎಷ್ಟೋ ಕಡಿಮೆ. ಅದು ಸೌಮ್ಯವೆಂಬ ಖ್ಯಾತಿಯಲ್ಲಿ ಈ ಗಾಳಿಯ ಪಾಲು ದೊಡ್ಡದು.

ಹೀಗಾಗಿ ಗೋಕರ್ಣದ ಬಳಿಯ ಸಾಣಿಕಟ್ಟಾ ಆಗರದ ಕಲ್ಲುಪ್ಪು, ಅಯೋಡಿನ್ ಸೇರಿಸಿದ ಪುಡಿಯುಪ್ಪು, ಸೈಂಧವ ಲವಣ, ಕಪ್ಪುಪ್ಪು ಮತ್ತು ಮಾಲ್ಡನ್ ಇವನ್ನು ತಲಾ 5 ಗ್ರಾಂ ತೂಗಿ, ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಲೋಟಗಳ ಜಾಗವನ್ನು ಮನೆಯವರಿಂದ ಅದಲು ಬದಲು ಮಾಡಿಸಿಕೊಂಡು ಗುಟುಕರಿಸಿದೆ. ಪುಡಿಯುಪ್ಪು, ಸೈಂಧವ, ಮಾಲ್ಡನ್ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಸೈಂಧವದ ನಸುಗೆಂಪಿಗೆ ಕಾರಣವಾದ ಕಬ್ಬಿಣದ ಅಂಶ ನಾಲಿಗೆಗೆ ತಿಳಿಯುವಷ್ಟಿಲ್ಲ. ಅದಕ್ಕೆ ಕೊಡುವ ಬೆಲೆ ಬಹುಪಾಲು ಕಣ್ಣಿಗೆ ಕೊಡುವ ಬೆಲೆ. ಕಲ್ಲುಪ್ಪಿನ ನೀರಿನಲ್ಲಿ ಮಾತ್ರ ನುಂಗಿದ ಮೇಲೆ ತೆಳುವಾದ ಕಹಿಯೊಂದು ಉಳಿಯಿತು. ಕಡಲುಪ್ಪಿನಲ್ಲಿ ಉಳಿದುಕೊಳ್ಳುವ ಮೆಗ್ನೀಸಿಯಂ ಲವಣಗಳ ಗುಣವದು.

ಹೋಳು ಮಾಡಿದ ಸೌತೆಕಾಯಿಯ ಮೇಲೆ ಉದುರಿಸಿದಾಗ ಲೆಕ್ಕವೇ ಬೇರೆಯಾಯಿತು. ಪುಡಿಯುಪ್ಪು ಹೋಳಿನ ನೀರಿಗೆ ಆಗಲೇ ಕರಗಿ, ಮೊದಲ ಕಡಿತದಲ್ಲೇ ನಾಲಿಗೆಯನ್ನು ಚುರುಕಾಗಿ ಮುಟ್ಟಿ ಮುಗಿಯಿತು. ಮಾಲ್ಡನ್ನಿನ ಪೊಳ್ಳು ಪಿರಮಿಡ್ಡುಗಳು ಹಲ್ಲಿಗೆ ಸಿಕ್ಕಿ ಪುಡಿಯಾಗುತ್ತ, ಒಂದೆಡೆ ಉಪ್ಪು ಒಂದೆಡೆ ಸಪ್ಪೆ ಎಂಬಂತೆ ರುಚಿಯನ್ನು ಹಂಚಿದವು. ಇಡಿಯ ಕಲ್ಲುಪ್ಪು ಹಲ್ಲಿಗೆ ಒಡ್ಡೊಡ್ಡಾಗಿ ತಗುಲುತ್ತದೆ. ಕುಟ್ಟಾಣಿಯಲ್ಲಿ ತರಿತರಿಯಾಗಿ ಜಜ್ಜಿ, ಖಾರದಪುಡಿಯೊಡನೆ ಮಾವಿನಕಾಯಿ ಹೋಳಿಗೆ ಹಚ್ಚಿದರೆ ಅದನ್ನು ಮೀರಿಸುವುದು ನನಗಂತೂ ಕಂಡಿಲ್ಲ.

ಕಪ್ಪುಪ್ಪನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು. ಅದರ ಗಂಧಕದ ಸಂಯುಕ್ತಗಳು ಬೇಯಿಸಿದ ಮೊಟ್ಟೆಯ ವಾಸನೆ ಕೊಡುತ್ತವೆ. ಮೇಲೆ ನಿಂಬೆರಸ ಹಿಂಡಿದೊಡನೆ ಹುಳಿಯಿಂದಾಗಿ ಹೈಡ್ರೋಜನ್ ಸಲ್ಫೈಡ್ ಬಿಡುಗಡೆಯಾಗಿ ಘಾಟು ಒಮ್ಮೆಲೇ ಏಳುತ್ತದೆ. ಅದಕ್ಕೇ ಶರಬತ್ತಿಗೆ ಚಿಟಿಕೆಯಷ್ಟು ಸಾಕು. ಕುದಿಯುವ ಸಾರಿಗೆ ಹಾಕಿದರೆ ಆ ವಾಸನೆ ಆವಿಯೊಡನೆ ಹೋಗುತ್ತದೆ.

ದಿನನಿತ್ಯದ ಸಾರು, ಹುಳಿ, ಪಲ್ಯಕ್ಕೆ ನಾನು ಅಯೋಡಿನ್ ಇರುವ ಪುಡಿಯುಪ್ಪನ್ನೇ ಬಳಸುತ್ತೇನೆ. ಕರಗಿದ ಮೇಲೆ ಭೇದ ತಿಳಿಯದಿರುವಾಗ ಗಳಗಂಡ ತಡೆಯುವ ಗುಣವನ್ನೇಕೆ ಬಿಡಬೇಕು? ಉಪ್ಪಿನಕಾಯಿಗೆ ಮಾತ್ರ ಕಲ್ಲುಪ್ಪು. ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಹೀರುವುದರಿಂದ ಮಳೆಗಾಲದ ಕಲ್ಲುಪ್ಪು ನೀರಿನ ತೂಕವನ್ನೂ ಹೊತ್ತಿರುತ್ತದೆ. ಹಾಗಾಗಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಆರಿದ ನಂತರವೇ ಅದನ್ನು ತೂಗುತ್ತೇನೆ.